ಬಿಳಿ ಕಂಡರೆ ಹೇಳಬೇಕು

ಉತ್ತರದ ಹಿಮನಾಡು ಯಾಕೂತಿಯಾದಲ್ಲಿ, ವಿಲ್ಯುಯ್ ನದಿಯ ದಂಡೆಯ ಒಂದು ಊರಿನಲ್ಲಿ, ಎಂಥ ಜಗಳಗಂಟರೂ ಮೀರದ ಕಟ್ಟಳೆಯೊಂದಿತ್ತು. ಎದುರಿಗೆ ಬಂದವರ ಮುಖದ ಮೇಲೆ ಬಿಳಿ ಮಚ್ಚೆ ಕಂಡರೆ, ಅವರು ಹುಟ್ಟಾ ವೈರಿಯಾದರೂ ಸರಿ, ಬಾಯಿಬಿಟ್ಟು ಹೇಳಬೇಕು. ಚಳಿ ಕಚ್ಚಿದ್ದು ಕಚ್ಚಿಸಿಕೊಂಡವರಿಗೇ ತಿಳಿಯುವುದಿಲ್ಲ. ಮೊದಲು ಸೂಜಿ ಚುಚ್ಚಿದ ಹಾಗಾಗುತ್ತದೆ, ಆಮೇಲೆ ಹಾಯೆನಿಸುತ್ತದೆ, ಹಾಯೆನಿಸಿತೆಂದರೆ ಕೆಟ್ಟಿತು. ತನ್ನ ಮೂಗನ್ನು ತಾನೇ ನೋಡಿಕೊಳ್ಳುವುದು ಯಾರಿಂದ ಸಾಧ್ಯ? ಹಾಗಾಗಿ ಚಳಿಗಾಲದಲ್ಲಿ ಅಲ್ಲಿ ಒಬ್ಬರ ಮುಖವನ್ನು ಇನ್ನೊಬ್ಬರು ಕಾಯುತ್ತಾರೆ.

ಅಕುಲೀನಾಳ ಮುಖ ಕಾಯಲು ಮನೆಯಲ್ಲಿ ಯಾರೂ ಇರಲಿಲ್ಲ. ಅರವತ್ತೆರಡು ವಯಸ್ಸು, ಮದುವೆಯಿಲ್ಲ, ಒಂದು ಹಸು, ಒಂದೇ ಕೋಣೆಯ ಮರದ ಮನೆ. ಹಾಗೆಂದು ಜನ ಬರುತ್ತಿರಲಿಲ್ಲವೆಂದಲ್ಲ. ಚಳಿ ಕಚ್ಚಿಸಿಕೊಂಡವರೆಲ್ಲ ಮೊದಲು ಓಡಿ ಬರುತ್ತಿದ್ದುದು ಅವಳ ಬಾಗಿಲಿಗೇ.

"ಉಜ್ಜಬೇಡ! ಕೈ ತೆಗಿ ಅಂದೆ! ಅದೇನು ಪಾತ್ರೆನಾ ತಿಕ್ಕೋಕೆ?" ಎಂದು ಬಾಗಿಲಲ್ಲೇ ಗದರುವಳು. "ಒಲೆ ಹತ್ರ ಹೋದ್ರೆ ನೋಡು. ಮರಗಟ್ಟಿದ ಚರ್ಮಕ್ಕೆ ಸುಟ್ಟಿದ್ದೂ ಗೊತ್ತಾಗಲ್ಲ."

ಹಸುಗೂಸಿನ ಸ್ನಾನಕ್ಕೆ ಹದವಾಗುವಷ್ಟು ನೀರು ಬೆಚ್ಚಗೆ ಮಾಡಿ, ಮೊಣಕೈ ಅದ್ದಿ ನೋಡಿ, ಬಂದವರ ಬೆರಳನ್ನು ಅದರಲ್ಲಿ ಇಳಿಸುವಳು. ಕುಡಿಯಲು ಹಾಲು ಹಾಕಿದ ಬಿಸಿ ಚಹಾ. ಬೆರಳ ಸಂದಿಗೆ ಒಣ ಬಟ್ಟೆ. ಗುಳ್ಳೆ ಎದ್ದರೆ ಒಡೆಯಬಾರದು, ಕಪ್ಪಾದರೆ ತನ್ನ ಹತ್ತಿರ ಬರದೆ ಆಸ್ಪತ್ರೆಗೆ ಓಡಬೇಕು. ಹೊರಡುವಾಗ ಇನ್ನೊಂದಿಷ್ಟು ಬೈಗುಳ: ಬೂಟಿನೊಳಗೆ ಒಣಹುಲ್ಲು ಹಾಕು, ಒದ್ದೆ ಕಾಲುಚೀಲ ತಕ್ಷಣ ಬದಲಿಸು, ಕಿವಿಯೋಲೆ ಬಿಚ್ಚಿಡು, ಹೆಬ್ಬಾತಿನ ಕೊಬ್ಬು ಸವರಿಕೊಂಡ ಮಾತ್ರಕ್ಕೆ ಶೂರಳಾದೆ ಅಂದ್ಕೋಬೇಡ, ಮುಖ ಮುಚ್ಚು. ಜನ ಬೈಸಿಕೊಂಡು, ಚಹಾ ಕುಡಿದು, ಬೆರಳು ಕೆಂಪಾದ ಕೂಡಲೇ ಎದ್ದು ಹೋಗುತ್ತಿದ್ದರು. ನೋವು ಕಳೆದ ಮೇಲೆ ಯಾರು ತಾನೆ ಕೂರುತ್ತಾರೆ?

ಈ ವಿದ್ಯೆ ಅವಳಿಗೆ ಪುಕ್ಕಟೆ ಬಂದದ್ದಲ್ಲ. ಅದಕ್ಕೆ ತನ್ನ ಅಣ್ಣನ ಕೈಯನ್ನೇ ತೆತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಅವಳು ಅಣ್ಣ ಪ್ರೊಕೋಪಿಯ ಮನೆಯಲ್ಲೇ ಇದ್ದಳು. ಪ್ರೊಕೋಪಿ ಚಾಕು ಮಾಡುವವನು. ಅವನ ಕೈಯ ಚಾಕು ಸೊಂಟದಲ್ಲಿಲ್ಲದ ಗಂಡಸು ಊರಲ್ಲಿ ಇರಲಿಲ್ಲ. ತಪ್ಪಿಸಿಕೊಂಡ ಕುದುರೆ ಹುಡುಕಲು ಹೋದವನು ಬಲಗೈ ಬೆರಳು ಬೆಳ್ಳಗೆ ಮಾಡಿಕೊಂಡು ಬಂದ. ಚಳಿಯನ್ನು ಚಳಿಯೇ ಹೊರಗೆಳೆಯುತ್ತದೆ ಎಂದು ಆಗ ಊರಿಗೆ ಊರೇ ನಂಬಿತ್ತು. ಅಕುಲೀನಾ ಅಂಗಳದಿಂದ ಬೊಗಸೆ ತುಂಬ ಹಿಮ ತಂದು, ಅಣ್ಣನ ಬೆರಳುಗಳನ್ನು ತಿಕ್ಕಿದಳು, ಚರ್ಮ ಸುಲಿಯುವವರೆಗೂ ತಿಕ್ಕಿದಳು. ಅತ್ತಿಗೆ ಫೆವ್ರೋನ್ಯಾ ಪಕ್ಕದಲ್ಲಿ ನಿಂತು, "ಸಾಕು ಬಿಡೇ, ಅವರಿಗೆ ನೋಯ್ತಿದೆ" ಎಂದದ್ದನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ಬೆರಳು ತೆಗೆದರು. ತಿಕ್ಕದೇ ಇದ್ದಿದ್ದರೆ ಎರಡಾದರೂ ಉಳಿಯುತ್ತಿದ್ದವೇನೋ ಎಂದು ಯಾರೋ ಅಂದರು. ಆ "ಏನೋ" ಎಂಬುದೇ ಮನೆಯನ್ನು ಒಡೆಯಿತು. ಪ್ರೊಕೋಪಿ ಮತ್ತೆ ಚಾಕು ಹಿಡಿಯಲಿಲ್ಲ, ನಾಲ್ಕು ವರ್ಷ ಕಿಟಕಿ ನೋಡುತ್ತಾ ಕೂತು ಸತ್ತ. ಬೆರಳು ತೆಗೆದ ವಾರವೇ "ನನ್ನ ಗಂಡನ ಕೈ ತಿಂದವಳು" ಎಂದು ಫೆವ್ರೋನ್ಯಾ ಒಂದೇ ಸಲ ಅಂದಿದ್ದಳು. ಅಷ್ಟೇ, ಮಾತು ನಿಂತಿತು. ಅಕುಲೀನಾ ಊರಾಚೆಯ ಕೋಣೆಗೆ ಹೋದಳು.

ಆದರೆ ಹಸುಗಳಿಗೆ ಜಗಳ ಗೊತ್ತೇ? ಹೆಪ್ಪುಗಟ್ಟಿದ ನದಿಯಲ್ಲಿ ಮಂಜುಗಡ್ಡೆ ಕೊರೆದು ಮಾಡಿದ ನೀರಿನ ಗುಂಡಿ ಊರಿಗೆಲ್ಲ ಒಂದೇ. ಮಧ್ಯಾಹ್ನ ಬಿಸಿಲೆಂಬ ಹೆಸರಿಗೆ ಒಂದಿಷ್ಟು ಬೆಳಕು ಬಂದಾಗ, ಕೆಚ್ಚಲಿಗೆ ಮೊಲದ ತೊಗಲಿನ ಚೀಲ ಕಟ್ಟಿ ಹಸುಗಳನ್ನು ನೀರಿಗೆ ಹೊಡೆಯಬೇಕು. ಫೆವ್ರೋನ್ಯಾಳ ಎರಡು ಹಸು, ಅಕುಲೀನಾಳ ಒಂದು, ಹಿಮದ ನಡುವೆ ಒಂದೇ ಕಾಲುದಾರಿ. ದಿನಾ ಎದುರಾಗುತ್ತಿದ್ದರು. ಮಾತಿಲ್ಲ. ಆದರೆ ಕಟ್ಟಳೆ ಕಟ್ಟಳೆಯೇ.

"ಮೂಗು," ಎನ್ನುವಳು ಫೆವ್ರೋನ್ಯಾ, ಸಿಡುಕಿನಿಂದ.

ಅಕುಲೀನಾ ಕೈಗವಸು ತೆಗೆದು ಬೆಚ್ಚನೆಯ ಅಂಗೈಯನ್ನು ಮೂಗಿಗೆ ಒತ್ತಿಕೊಳ್ಳುವಳು. ಒಂದು ಚಳಿಗಾಲಕ್ಕೆ ನಾಲ್ಕು ಸಲ, ಐದು ಸಲ. ಕೆಲವು ದಿನ "ಎಡಗೆನ್ನೆ" ಎಂದಾಗ ಅದೇ ಉದ್ದದ ಮಾತೆಂದು ಅವಳಿಗೆ ಸಂತೋಷವಾಗುತ್ತಿತ್ತು. ನಗಬೇಡಿ. ತನ್ನನ್ನು ಸಾಕಿದ ಮನೆಯ ದನಿ ಕೇಳಲು ಅವಳಿಗೆ ಬೇರೆ ದಾರಿ ಇರಲಿಲ್ಲ.

ಈ ವರ್ಷ ಡಿಸೆಂಬರ್ ಕಳೆದರೂ ಆ ಒಂದು ಮಾತೂ ಬರಲಿಲ್ಲ. ಜನವರಿಯಲ್ಲಿ ಚಳಿ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿಳಿಯಿತು, ಉಗುಳಿದ್ದು ನೆಲ ಮುಟ್ಟುವಷ್ಟರಲ್ಲಿ ಗಟ್ಟಿಯಾಯಿತು, ಆದರೂ ಫೆವ್ರೋನ್ಯಾ ಸುಮ್ಮನೆ ದಾಟಿ ಹೋದಳು. ತಾನು ಮುಖ ಚೆನ್ನಾಗಿ ಮುಚ್ಚಿಕೊಂಡಿದ್ದಕ್ಕೇ ಹೀಗಾಯಿತೇ ಎಂದು ಅಕುಲೀನಾ ಯೋಚಿಸಿದಳು. ಯೋಚಿಸುತ್ತಾ ಯೋಚಿಸುತ್ತಾ, ಊರಿಗೆಲ್ಲ ಬುದ್ಧಿ ಹೇಳುವ ಆ ಹೆಂಗಸು ಒಂದು ಸೋಮವಾರ ಮುಖಕ್ಕೆ ಸುತ್ತಿದ್ದ ಬಟ್ಟೆಯನ್ನು ಎಡಗಡೆ ಸಡಿಲಿಸಿಕೊಂಡು ಹೊರಟಳು. ಮಂಗಳವಾರ ಇನ್ನಷ್ಟು ಸಡಿಲಿಸಿದಳು. ಎರಡೂ ದಿನ ಕೆನ್ನೆ ಚುಚ್ಚಿತು, ಎರಡೂ ದಿನ ಮನೆಗೆ ಓಡಿ ಬಂದು ತಾನೇ ಬೆಚ್ಚಗೆ ಮಾಡಿಕೊಂಡಳು. ಅತ್ತಿಗೆಯ ಬಾಯಿಂದ ಒಂದಕ್ಷರವೂ ಹೊರಡಲಿಲ್ಲ.

ಬುಧವಾರ ಅವಳು ಬಟ್ಟೆಯನ್ನು ಪೂರಾ ಕೆಳಗಿಳಿಸಿ ಗುಂಡಿಯ ಹತ್ತಿರ ಬೇಗನೆ ಬಂದು ನಿಂತಳು. ಹಸು ಕುಡಿದು ಮುಗಿಸಿತು. ಕೆನ್ನೆ ಚುಚ್ಚಿತು, ಆಮೇಲೆ ಹಾಯೆನಿಸಿತು. ಹಾಯೆನಿಸಿದ್ದು ಏನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಸೀಮೆಯಲ್ಲಿ ಇರಲಿಲ್ಲ. ಆದರೂ ನಿಂತಳು. ಫೆವ್ರೋನ್ಯಾ ಮುಂದಿನ ಹಸುವಿನ ಹಗ್ಗ ಹಿಡಿದು ಬಂದಳು, ಮೊಳದಷ್ಟು ಹತ್ತಿರ ಬಂದು ನೇರ ಮುಖ ನೋಡಿದಳು, ದಾಟಿದಳು.

ಅಕುಲೀನಾಳ ಎದೆ ಒಡೆದುಹೋಯಿತು. ಹನ್ನೊಂದು ವರ್ಷ ಕಟ್ಟಿಟ್ಟ ಬಾಯಿ ತಾನಾಗಿ ಬಿಚ್ಚಿತು.

"ಅತ್ತಿಗೆ! ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ. ಬಿಳಿ ಕಂಡ್ರೂ ಹೇಳದೆ ಹೋಗೋದು ಯಾವತ್ತಿಂದ ಕಲ್ತೆ? ನಾಯಿಗಾದ್ರೂ ಹೇಳ್ತಾರೆ!"

ಫೆವ್ರೋನ್ಯಾ ನಿಂತಳು. ದನಿ ಬಂದ ಕಡೆಗೆ ತಿರುಗಿದಳು, ಆದರೆ ಸ್ವಲ್ಪ ಅತ್ತ, ಅಕುಲೀನಾಳ ಭುಜದ ಆಚೆಗೆ.

"ಬಿಳಿ ಆಗಿದ್ಯಾ?"

"ಕಾಣ್ತಿಲ್ವಾ ನಿಂಗೆ?"

"ಎಲ್ಲರ ಮುಖಾನೂ ಬಿಳೀನೇ ಕಾಣುತ್ತೆ ಕಣೇ. ನಾಲ್ಕು ತಿಂಗಳಾಯ್ತು. ಯಾರಿಗೂ ಹೇಳಬೇಡ, ಹಸು ಮಾರ್ಸಿಬಿಡ್ತಾರೆ."

ಆಗ ಅಕುಲೀನಾ ಆ ಹಗ್ಗವನ್ನು ಕಂಡಳು. ಫೆವ್ರೋನ್ಯಾ ಹಸುವನ್ನು ನಡೆಸುತ್ತಿರಲಿಲ್ಲ, ಹಸು ಅವಳನ್ನು ನಡೆಸುತ್ತಿತ್ತು. ಚಳಿಗಾಲವಿಡೀ ದಿನಾ ನೋಡಿದ್ದಳು, ಮುಖವೊಂದನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ಫೆವ್ರೋನ್ಯಾ ಕೈಗವಸು ಕಿತ್ತು, ತಡಕಾಡಿ, ನಾದಿನಿಯ ಕೆನ್ನೆ ಮುಟ್ಟಿದಳು. ಬೆರಳಿಂದ ಒತ್ತಿದಳು. ಕೆನ್ನೆ ಒಣಕಟ್ಟಿಗೆಯ ಹಾಗಿತ್ತು.

"ಅಯ್ಯೋ ಹುಚ್ಚಿ! ನಡಿ ಮನೆಗೆ," ಎಂದಳು.

ಯಾರ ಮನೆಗೆಂದು ಅಕುಲೀನಾ ಕೇಳಲಿಲ್ಲ. ಹನ್ನೊಂದು ವರ್ಷದ ಮೇಲೆ ಅಣ್ಣನ ಮನೆಯ ಹೊಸ್ತಿಲು ದಾಟಿದಳು. ಫೆವ್ರೋನ್ಯಾ ಕಣ್ಣಿಲ್ಲದೆಯೇ ಸರಸರ ನೀರು ಬೆಚ್ಚಗೆ ಮಾಡಿದಳು, ಮೊಣಕೈ ಅದ್ದಿ ನೋಡಿದಳು, ಬಟ್ಟೆ ಹಿಂಡಿದಳು.

"ಉಜ್ಜಬೇಡ ಅತ್ತಿಗೆ," ಎಂದಳು ಅಕುಲೀನಾ, ಅಭ್ಯಾಸಬಲದಿಂದ.

"ಗೊತ್ತು," ಎಂದಳು ಫೆವ್ರೋನ್ಯಾ. "ಹನ್ನೊಂದು ವರ್ಷದಿಂದ ಗೊತ್ತು."

ಅಕುಲೀನಾ ತಲೆ ತಗ್ಗಿಸಿದಳು. ಫೆವ್ರೋನ್ಯಾ ಗದ್ದ ಹಿಡಿದೆತ್ತಿ ಬಟ್ಟೆಯನ್ನು ಕೆನ್ನೆಯ ಮೇಲಿಟ್ಟಳು, ಒತ್ತದೆ, ಸುಮ್ಮನೆ ಇಟ್ಟಳು.

"ಊರಿಗೆಲ್ಲ ಮದ್ದು ಹೇಳೋಳು ನೀನು. ಮುಖ ಯಾಕೆ ಬಿಟ್ಕೊಂಡು ನಿಂತಿದ್ದೆ?"

ಏನಾದರೂ ಸುಳ್ಳು ಹೇಳಬಹುದಿತ್ತು. ಒಂದೂ ಹೊಳೆಯಲಿಲ್ಲ.

"ನೀನು ಮಾತಾಡ್ತೀಯ ಅಂತ."

ಫೆವ್ರೋನ್ಯಾಳ ಕೈ ಅಲ್ಲೇ ನಿಂತಿತು. ಬಟ್ಟೆಯ ನೀರು ಅಕುಲೀನಾಳ ಕತ್ತಿಗೆ ಇಳಿಯಿತು. ಆಮೇಲೆ ಅವಳು ಬಟ್ಟೆಯನ್ನು ಮತ್ತೆ ಅದ್ದಿ, ಹಿಂಡಿ, ಕೆನ್ನೆಗೆ ಇಟ್ಟಳು.

"ನಂಗೆ ಸಿಟ್ಟು ಹೋಗಿಲ್ಲ," ಎಂದಳು. "ಹೋಗೋದೂ ಇಲ್ಲ."

"ಬೇಡ. ಇರ್ಲಿ."

"ನಾಳೆ ಮುಖ ಮುಚ್ಕೊಂಡು ಬಾ. ಎದುರಿಗೆ ಬಂದಾಗ 'ನಾನು' ಅಂತ ಬಾಯ್ಬಿಡು. ಬಂದೋಳು ನೀನೋ ನಿನ್ನ ಹಸುನೋ, ನಂಗೆ ಹೇಗೆ ತಿಳೀಬೇಕು?"

ಅಕುಲೀನಾ ಅತ್ತುಬಿಟ್ಟಳು. ಮರಗಟ್ಟಿದ ಕೆನ್ನೆಗೆ ಜೀವ ಬರುವಾಗ ಬೆಂಕಿ ಇಟ್ಟ ಹಾಗೆ ಉರಿಯುತ್ತದೆ, ಗಟ್ಟಿ ಗಂಡಸರಿಗೂ ಕಣ್ಣೀರು ಬರುತ್ತದೆ. ಅತ್ತಿಗೆ ಹಾಗೆಂದೇ ತಿಳಿದುಕೊಳ್ಳಲಿ ಎಂದು ಅವಳು ಅಳು ನಿಲ್ಲಿಸಲು ಹೋಗಲಿಲ್ಲ.