ಕಾಯಿಸಿದ ನೀರು ಹೊತ್ತುಕೊಂಡು ಲ್ಯಾಬಿಗೆ ಹೋದದ್ದು

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಶ್ರೀರಾಂಪುರದಲ್ಲಿ ಸಿಟಿ ಬಸ್ ಹತ್ತಿದೆ. ಕೈಚೀಲದಲ್ಲಿ ಒಂದು ಬಾಟ್ಲಿ ನೀರು. ನಾನು ಅಲ್ಲಿನ ಸ್ಕೂಲಿನಲ್ಲಿ ಬಿಸಿಯೂಟ ಬೇಯಿಸುವವಳು. ಮಕ್ಕಳು ಕುಡಿಯುವ ಬೋರ್‌ವೆಲ್ ನೀರು ಸರಿಯಿಲ್ಲ. ದಿನಾ ಒಬ್ಬರಲ್ಲ ಒಬ್ಬರು ಹೊಟ್ಟೆ ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ದುಡ್ಡಿಲ್ಲದೆ ಫಿಲ್ಟರ್ ಹಾಕಿಸಿಕೊಡುವ ಸಂಘದವರು ಸಿಕ್ಕಿದ್ದರು. ನೀರು ಕೆಟ್ಟದ್ದು ಅಂತ ಲ್ಯಾಬಿನ ರಿಪೋರ್ಟು ಶನಿವಾರ ತೋರಿಸಬೇಕು, ಇಲ್ಲದಿದ್ದರೆ ಫಿಲ್ಟರು ಬೇರೆ ಸ್ಕೂಲಿಗೆ. ಹೆಡ್ ಮಿಸ್ಸು ಖಾಲಿ ಬಾಟ್ಲಿ ಕೊಟ್ಟು, ನೀರು ತುಂಬಿಕೊಂಡು ಹೋಗಲು ನನಗೆ ಹೇಳಿದ್ದರು.

ಹೆಂಗಸರಿಗೆ ಬಸ್ಸು ಪುಕ್ಕಟೆ. ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿದೆ. ಅರ್ಧ ಗಂಟೆಗೆ ಸಿಟಿ ಸ್ಟ್ಯಾಂಡು. ಅಲ್ಲಿಂದ ದೇವರಾಜ ಮೊಹಲ್ಲಾದ ಲ್ಯಾಬಿಗೆ ನಡೆದೆ. ದಾರಿಯಲ್ಲಿ ಎರಡು ಇಡ್ಲಿ ತಿಂದೆ. ಚಟ್ನಿಯಲ್ಲಿ ಕಾಯಿಗಿಂತ ನೀರೇ ಜಾಸ್ತಿ.

ಲ್ಯಾಬಿನಲ್ಲಿ ಕನ್ನಡಕದ ಹುಡುಗಿಯೊಬ್ಬಳು ಬಾಟ್ಲಿ ತೆಗೆದುಕೊಂಡಳು.

"ನಲ್ಲಿಯಿಂದ ಹಂಗೇ ಹಿಡ್ಕೊಂಡ್ ಬಂದ್ರಾ ಅಜ್ಜಿ?"

"ಹಂಗೇ ಕೊಡಕ್ಕೆ ನಂಗೇನ್ ಮಾನ ಇಲ್ವಾ? ಚೆನ್ನಾಗ್ ಕುದ್ಸಿ, ಬಟ್ಟೇಲಿ ಸೋಸ್ಬುಟ್ಟು ತಂದಿದೀನಿ ಕಣಮ್ಮ."

ಹುಡುಗಿ ಪೆನ್ನು ಕೆಳಗಿಟ್ಟಳು. "ಕುದ್ಸಿದ್ ನೀರು ಚೆನ್ನಾಗೇ ಇರುತ್ತೆ. ಚೆನ್ನಾಗಿದೆ ಅಂತ ಬರ್ದ್ರೆ ನಿಮ್ಗೆ ಫಿಲ್ಟರ್ ಯಾರ್ ಕೊಡ್ತಾರೆ?"

"ಕೆಟ್ಟದ್ದು ಅಂತ ಬರ್ಕೊ. ನಾನ್ ಹೇಳ್ತಿಲ್ವಾ?"

"ನಿಮ್ ಬಾಯ್ಮಾತಿಗೆ ಸೀಲ್ ಹಾಕಕ್ಕಾಗಲ್ಲ ಅಜ್ಜಿ. ಪರೀಕ್ಷೆಗೆ ಎರಡ್ ದಿನ ಬೇಕು. ಇವತ್ತು ಒಂದ್ ಗಂಟೆ ಒಳ್ಗೆ ತಂದ್ರೆ ಶನಿವಾರ ರಿಪೋರ್ಟು." ಹೊಸ ಬಾಟ್ಲಿ ಕೊಟ್ಟು, ಕುಡಿಯಲು ತನ್ನ ಮಜ್ಜಿಗೆಯನ್ನೂ ಕೊಟ್ಟಳು. ಉಪ್ಪು ಕಮ್ಮಿ. ಹುಡುಗಿ ಒಳ್ಳೆಯವಳು.

ವಾಪಸ್ ಹೋಗುವ ಬಸ್ಸಿನಲ್ಲಿ ಅದೇ ಕಂಡಕ್ಟರ್.

"ಏನಜ್ಜಿ, ಪುಕ್ಕಟೆ ಅಂತ ಸುತ್ತಾಡ್ತಾನೇ ಇದೀರಾ?"

"ನಿಮ್ಮಪ್ಪನ್ ಮನೆ ಬಸ್ಸಾ? ಟಿಕೆಟ್ ಕೊಡು."

ಅವನು ನಕ್ಕು, ಮುಂದಿನ ಸೀಟು ಬಿಡಿಸಿ ಕೂರಿಸಿದ.

ಸ್ಕೂಲಿನ ನಲ್ಲಿಗೆ ಬಾಟ್ಲಿ ಹಿಡಿದೆ. ನೀರು ತುಸು ಹಳದಿ, ಒಳಗೆ ಪಾಚಿಯ ಎಳೆ. ಸೋಸಲು ಸೆರಗು ತಾನಾಗಿ ಬಾಟ್ಲಿಯ ಬಾಯಿಗೆ ಹೋಯಿತು. ಎಳೆದುಕೊಂಡೆ. ಮನೆಗೆ ಬಂದವರಿಗೆ, ಬೀದಿಯಲ್ಲಿ ಕೇಳಿದವರಿಗೆ, ಯಾರಿಗೂ ಇಂಥ ನೀರು ಕೊಟ್ಟವಳಲ್ಲ ನಾನು. ಮುಚ್ಚಳ ಬಿಗಿದೆ.

ಹನ್ನೆರಡೂ ಕಾಲಾಗಿತ್ತು. ಬಸ್ಸಿಗೆ ಕಾಯದೆ ಆಟೋ ಹತ್ತಿದೆ. ಒಂದಕ್ಕೆ ಹತ್ತು ನಿಮಿಷ ಇರುವಾಗ ಬಾಟ್ಲಿಯನ್ನು ಹುಡುಗಿಯ ಕೈಗೆ ಕೊಟ್ಟೆ.

"ಗಲೀಜಾಗಿದೆ ಕಣಮ್ಮ," ಅಂದೆ.

"ಇದೇ ಬೇಕಾಗಿತ್ತು ಅಜ್ಜಿ," ಅಂದಳು.

ಶನಿವಾರ ನಾನೇ ಹೋಗಿ ರಿಪೋರ್ಟು ತಂದೆ. ಹೆಡ್ ಮಿಸ್ಸು ಓದಿ ಹೇಳಿದರು: ಕುಡಿಯಲು ಯೋಗ್ಯವಲ್ಲ. ಆಮೇಲೆ ಫಿಲ್ಟರಿನವರಿಗೆ ಫೋನ್ ಮಾಡಿದರು. ಮುಂದಿನ ತಿಂಗಳು ಬಂದು ಹಾಕುತ್ತಾರಂತೆ. ಇಬ್ಬರೂ ಖುಷಿಪಟ್ಟೆವು. ಅಷ್ಟರಲ್ಲಿ ಗಂಟೆ ಹೊಡೆಯಿತು, ಮಕ್ಕಳು ನಲ್ಲಿಯ ಕಡೆ ಓಡಿದರು.

ನಾನು ಅಡುಗೆಮನೆಗೆ ಹೋಗಿ ಸಾರಿನ ದೊಡ್ಡ ಪಾತ್ರೆಗೆ ನೀರು ತುಂಬಿಸಿ, ಕುದಿಸಲು ಒಲೆಯ ಮೇಲಿಟ್ಟೆ.

"ಗ್ಯಾಸ್ ಸಾಲಲ್ಲ ಕಣಜ್ಜಿ," ಅಂದರು ಮಿಸ್ಸು.

"ಮುಗ್ದಾಗ ಕೇಳನ. ನೀವ್ ಹೋಗಿ ನಲ್ಲಿ ಬಂದ್ ಮಾಡಿ."