ಹಳದಿ ಹಾವಿನ ಮೇಲೆ ಅನುಮಾನ

ನಾನು ಹೊನವಾಡದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳ ನಡುವೆ ಬೆಳೆದವಳು. ಗಂಧಕದ ಹೊಗೆ ಕೊಟ್ಟರೆ ಮಂಕು ದ್ರಾಕ್ಷಿಯೂ ಬಂಗಾರದಂತೆ ಹೊಳೆಯುವುದನ್ನು ಕಣ್ಣಾರೆ ಕಂಡವಳು. ಹಾಗಾಗಿ ಹಳದಿಯಾಗಿ ಹೊಳೆಯುವ ಯಾವುದನ್ನು ಕಂಡರೂ ಮೊದಲು ಮೂಸಿ ನೋಡುವುದು ನನ್ನ ಚಾಳಿ.

ಹೀಗಿರುವಾಗ ನಮ್ಮ ಯಜಮಾನರು ಪುಣೆಯಿಂದ ಹಾವು ತಂದರು. ಸೊಲ್ಲಾಪುರ ರಸ್ತೆಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡ ಮನುಷ್ಯನಿಗೆ ಈ ಹುಚ್ಚು ಎಲ್ಲಿಂದ ಹತ್ತಿತೋ! ವಿಷವಿಲ್ಲದ, ವಿದೇಶಿ ತಳಿಯ ಬಾಲ್ ಪೈಥಾನ್. ಸರಕಾರದ ಒಪ್ಪಿಗೆಯೂ ಇತ್ತು, ಆ ಬಗ್ಗೆ ನನ್ನ ತಕರಾರಿಲ್ಲ. ಈ ತಳಿ ಸಾಮಾನ್ಯವಾಗಿ ಕಂದು-ಕಪ್ಪು ಇರುತ್ತದಂತೆ. ಇದು ಮಾತ್ರ ಮಾಗಿದ ಬಾಳೆಹಣ್ಣಿನ ಹಳದಿ. ಅಪರೂಪದ ಬಣ್ಣ ಎಂದು ಹೇಳುವಾಗ ಅವರ ಮುಖವೇ ಅರಳಿತ್ತು. ನನಗೆ ಹಳೆಯದೊಂದು ನೆನಪಾಯಿತು. ಹಿಂದೆ ಮುಧೋಳ ತಳಿ ಎಂದು ಅವರು ತಂದ ನಾಯಿಮರಿ, ಬೆಳೆದ ಮೇಲೆ ನಮ್ಮ ಓಣಿಯ ನಾಯಿಗಳಿಗೆ ಖಾಸಾ ತಮ್ಮನಂತೆ ಕಂಡು, ಬಂಧುಬಳಗವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತ್ತು. ಅಂದಿನಿಂದ ಅವರು ಬದನೆಕಾಯಿ ತಂದರೂ ಯಾರಾದರೊಬ್ಬರು ತಿರುಗಿಸಿ ನೋಡುತ್ತಿದ್ದರು. ಈ ಹಾವೂ ಸುಳ್ಳಾದರೆ ಅವರು ಮತ್ತೆ ತಲೆ ಎತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು.

“ಬಣ್ಣ ಹಚ್ಚಿ ಕೊಟ್ಟಾರ್ರಿ,” ಎಂದೆ.

“ಹಾವಿಗೆ ಯಾರರ ಬಣ್ಣ ಹಚ್ತಾರೇನ?”

“ದ್ರಾಕ್ಷಿಗೆ ಹೊಗಿ ಕೊಡೂ ಮಂದಿ ಹಾವಿಗೆ ಬಿಟ್ಟಾರೇನ್ರಿ?”

ಅವರು ಅಂಗಡಿಗೆ ಹೋದ ಮೇಲೆ ಧೈರ್ಯ ಮಾಡಿ ಪೆಟ್ಟಿಗೆಯ ಮುಚ್ಚಳ ತೆಗೆದೆ. ಒದ್ದೆ ಬಿಳಿ ಬಟ್ಟೆಯಿಂದ ಅದರ ಬೆನ್ನು ಒರೆಸಿದೆ. ಬಟ್ಟೆ ಬಿಳಿಯಾಗಿಯೇ ಉಳಿಯಿತು. ಮೂಸಿದೆ, ಗಂಧಕದ ಘಾಟಿಲ್ಲ. ಹಾಗಾದರೆ ತೊಳೆದರೂ ಹೋಗದ ಪಕ್ಕಾ ಬಣ್ಣವೇ ಹಚ್ಚಿದ್ದಾರೆ ಎಂದುಕೊಂಡೆ.

ಕೆಲವು ವಾರಗಳಲ್ಲಿ ಹಾವು ಮಂಕಾಯಿತು. ಮೈಗೆ ಬೂದಿ ಬಡಿದಂತಾಗಿ, ಕಣ್ಣಿಗೂ ಮಬ್ಬು ಕವಿಯಿತು.

“ನಾ ಹೇಳಿದ್ದಿಲ್ಲೇನ್ರಿ? ಬಣ್ಣ ಬಿಡಾಕತ್ತೈತಿ ನೋಡ್ರಿ,” ಎಂದೆ.

“ಪೊರಿ ಬಿಡೂ ಮುಂದ ಹಿಂಗ ಆಗತೈತಂತ,” ಎಂದರು. ದನಿಯಲ್ಲಿ ಕಸುವಿರಲಿಲ್ಲ. ಅಂದು ಊಟಕ್ಕೆ ಕುಳಿತವರು ಅರ್ಧ ರೊಟ್ಟಿಗೇ ಕೈ ತೊಳೆದರು. “ಮತ್ತ ಮೋಸ ಹೋದ್ನೋ ಏನೋ. ನಂಗ ಆರಿಸಾಕ ಬರೂದಿಲ್ಲ ಬಿಡು.”

ನನ್ನ ಮಾತೇ ನಿಜವಾಯಿತೆಂದು ಹಿಗ್ಗಲು ಹೋದವಳು ಅವರು ಬಿಟ್ಟ ಅರ್ಧ ರೊಟ್ಟಿಯನ್ನು ಎತ್ತಿಟ್ಟೆ. ನನ್ನ ಅನುಮಾನ ಸುಳ್ಳಾಗಲಿ ಎಂದು ಮೊದಲ ಸಲ ಬೇಡಿಕೊಂಡೆ.

ಮುಂದೊಂದು ಬೆಳಿಗ್ಗೆ ಪೆಟ್ಟಿಗೆಯಲ್ಲಿ ಪೊರೆ ಬಿದ್ದಿತ್ತು. ಬಿಸಿಲಿಗೆ ಹಿಡಿದು ತಲೆಯಿಂದ ಬಾಲದವರೆಗೆ ನೋಡಿದೆ. ಹಚ್ಚಿದ ಬಣ್ಣವಾಗಿದ್ದರೆ ಪೊರೆಗೇ ಅಂಟಿ ಬರಬೇಕಿತ್ತು; ಹಳದಿಯ ಸುಳಿವಿಲ್ಲ, ಬರೀ ತೆಳು ಬಿಳುಪು. ಹಾವು ಮಾತ್ರ ಮೊದಲಿಗಿಂತ ಹೆಚ್ಚು ಹಳದಿಯಾಗಿ ಸುತ್ತಿಕೊಂಡು ಮಲಗಿತ್ತು. ಯಜಮಾನರು ಅದನ್ನು ನೋಡಿದರು, ನನ್ನ ಮುಖ ನೋಡಿದರು, ಒಳಗೆ ಹೋದರು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿದಳು.

“ಖರೇನ ಇದರ ಬಣ್ಣ ಹಿಂಗ ಐತೇನ್ರಿ ವೈನಿ? ಯಾರೋ ಟೊಪಗಿ ಹಾಕ್ಯಾರ ನಿಮ್ಮವ್ರಿಗೆ,” ಎಂದು ನಕ್ಕಳು.

ನನಗೆ ಮೈಯೆಲ್ಲ ಉರಿಯಿತು.

“ಟೊಪಗಿ ಹಾಕಿಸ್ಕೊಳ್ಳೂ ಪೈಕಿ ಅಲ್ಲ ನಮ್ಮವ್ರು. ಅವ್ರು ಆರಿಸಿ ತಂದಿದ್ದು ಯಾವಾಗರ ಸುಳ್ಳಾಗೈತೇನ್ರಿ?” ಎಂದೆ, ಒಳಗಿನ ಕೋಣೆಗೂ ಕೇಳುವಷ್ಟು ಜೋರಾಗಿ.