ಬಾನುವಿನ ಖೀಮಾಕ್ಕೆ ಸ್ಪೇನಿನ ಹೊಗೆ

ಬಾನು ಬ್ಯಾಡಗಿಯವಳು. ಅವಳ ತಂದೆ ಅಲ್ಲಿನ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಮಾಡುತ್ತಿದ್ದವರು. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಅವಳ ಮಾತು ಬೆಂಗಳೂರಿನದಾಯಿತು, ಡಾಕ್ಟರ್ ಗಂಡ ಹಾರಿಸ್‌ನ ಜೊತೆ ಐರ್ಲೆಂಡಿನ ಲೆಟರ್‌ಕೆನ್ನಿಗೆ ಬಂದ ಮೇಲೆ ಬಟ್ಟೆಯೂ ಬದಲಾಯಿತು. ಕೈಗುಣ ಮಾತ್ರ ಬ್ಯಾಡಗಿಯದೇ. ನಾನು ಕಮಲಾ, ಹಾರಿಸ್‌ನ ಆಸ್ಪತ್ರೆಯಲ್ಲೇ ಲ್ಯಾಬಿನ ಕೆಲಸ, ಅವರ ಮನೆಯಿಂದ ಎರಡು ಮನೆ ಆಚೆ ವಾಸ. ಸಸ್ಯಾಹಾರಿ. ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಕೆಲವರನ್ನು ಬೈಯುವವಳಿದ್ದೇನೆ.

ರಂಜಾನ್ ತಿಂಗಳ ಶನಿವಾರಗಳಲ್ಲಿ ಇಲ್ಲಿರುವ ನಮ್ಮ ಕಡೆಯ ಮುಸ್ಲಿಮರೆಲ್ಲ ಒಂದು ಹಾಲ್‌ನಲ್ಲಿ ಸೇರಿ ಇಫ್ತಾರ್ ಮಾಡುತ್ತಾರೆ. ಖೀಮಾ ಬಾನುವಿನದು, ಅದರಲ್ಲಿ ಎರಡು ಮಾತಿಲ್ಲ. ಬೆಂದ ಖೀಮಾದ ನಡುವೆ ಪುಟ್ಟ ಬಟ್ಟಲಿಟ್ಟು, ಅದರಲ್ಲಿ ಕೆಂಡ ಹಾಕಿ, ಮೇಲೆ ತುಪ್ಪ ಬಿಟ್ಟು ಮುಚ್ಚಳ ಮುಚ್ಚುತ್ತಿದ್ದಳು. ಹೊಗೆಯ ಆ ವಾಸನೆಗೇ ಜನ ಸಾಲು ನಿಲ್ಲುತ್ತಿದ್ದರು. ಹೋದ ವರ್ಷ ಅದೇ ಹೊಗೆಗೆ ಹಾಲ್‌ನ ಅಲಾರಂ ಬಡಿದುಕೊಂಡಿತು. ಅಗ್ನಿಶಾಮಕದವರು ಬಂದರು, ರೋಜಾ ಉಪವಾಸ ಇದ್ದವರೆಲ್ಲ ಕೈಯಲ್ಲಿ ಖರ್ಜೂರ ಹಿಡಿದು ಮಳೆಯಲ್ಲಿ ನಿಂತರು. ಅಂದಿನಿಂದ ಅಲ್ಲಿ ಕೆಂಡಕ್ಕೆ ಪ್ರವೇಶವಿಲ್ಲ.

ಈ ವರ್ಷ ಬಾನು ಅಂಗಡಿಯಿಂದ ಮೂರು ಪುಟ್ಟ ತಗಡಿನ ಡಬ್ಬಿ ತಂದಳು. ಸ್ಪೇನಿನ ಸ್ಮೋಕ್ಡ್ ಪಾಪ್ರಿಕಾ. ದುಲ್ಸೆ ಎಂದು ಬರೆದದ್ದು ಸಿಹಿ, ಅಗ್ರಿದುಲ್ಸೆ ಕೊಂಚ ಕಹಿ ಬೆರೆತ ಸಿಹಿ, ಪಿಕಾಂತೆ ಖಾರ. ಮೂರನ್ನೂ ಓಕ್ ಕಟ್ಟಿಗೆಯ ಹೊಗೆಯಲ್ಲಿ ದಿನಗಟ್ಟಲೆ ಒಣಗಿಸಿ ಬೀಸಿರುತ್ತಾರಂತೆ. ಮೊದಲ ಸಲ ಊರಿನ ಅಭ್ಯಾಸದಂತೆ ಕಾದ ಎಣ್ಣೆಗೆ ಸುರಿದಳು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕರಕಲು, ಬಾಯಿಗಿಟ್ಟರೆ ಬರೀ ಕಹಿ.

"ಇದು ಆಗ್ಲೇ ಹೊಗೆ ಕುಡಿದು ಬಂದೈತೆ ಕಮಲಕ್ಕ. ಮತ್ತೆ ಸುಟ್ರೆ ಮುನಿಸ್ಕೊಳ್ಳುತ್ತೆ," ಎಂದಳು.

ಎರಡನೇ ಸಲ ಉರಿ ತಗ್ಗಿಸಿ, ಟೊಮೇಟೊ ಕರಗಿದ ಮೇಲೆ ಹಾಕಿದಳು. ದುಲ್ಸೆಯ ಬಣ್ಣ ಥೇಟ್ ಬ್ಯಾಡಗಿಯದು, ಖಾರ ಅದಕ್ಕಿಂತಲೂ ಕಡಿಮೆ. ಖೀಮಾದ ಜಿಡ್ಡು ಮುರಿಯಲು ಚಿಟಿಕೆ ಅಗ್ರಿದುಲ್ಸೆ. ಪಿಕಾಂತೆ ವಯಸ್ಸಾದವರ ಹೊಟ್ಟೆಗೆ ಬೇಡವೆಂದು ಪಕ್ಕಕ್ಕಿಟ್ಟಳು. ನನಗೆಂದು ಬದನೆಕಾಯಿ ಪಲ್ಯಕ್ಕೂ ಹಾಕಿದಳು. ಕೆಂಡದಲ್ಲಿ ಸುಟ್ಟ ಬದನೆಕಾಯಿಯ ರುಚಿ, ಕೆಂಡವೇ ಇಲ್ಲದೆ. ನಾಚಿಕೆ ಬಿಟ್ಟು ಎರಡು ಸಲ ಬಡಿಸಿಕೊಂಡೆ.

ಶನಿವಾರ ಹಾಲ್‌ನಲ್ಲಿ ಖೀಮಾದ ಮುಚ್ಚಳ ತೆಗೆದಾಗ ಹಳೆಯ ವಾಸನೆಯೇ ಬಂತು. ತಟ್ಟೆಗಳು ತುಂಬಿದವು. ಆಗ ಸುಮೈರಾ, ಇಲ್ಲೇ ಹುಟ್ಟಿ ಈಗ ನರ್ಸಿಂಗ್ ಓದುತ್ತಿರುವ ಹುಡುಗಿ, ತಾಯಿಗೆ ಇಂಗ್ಲಿಷಿನಲ್ಲಿ ಅಂದಳು: ಇದು ಚೊರಿಝೋ ವಾಸನೆಯಲ್ಲವೇ, ಕಾಲೇಜ್ ಕ್ಯಾಂಟೀನಿನಲ್ಲಿ ದಿನಾ ಬರುತ್ತದೆ. ಚೊರಿಝೋ ಎಂದರೆ ಸ್ಪೇನಿನ ಹಂದಿಮಾಂಸದ ಸಾಸೇಜ್. ಅದಕ್ಕೆ ಬಣ್ಣ, ವಾಸನೆ ಕೊಡುವುದೂ ಇದೇ ಪುಡಿ. ಬಾನುವಿಗೆ ಅದು ಗೊತ್ತಿರಲಿಲ್ಲ. ತಿನ್ನದವರಿಗೆ ಹೇಗೆ ಗೊತ್ತಾಗಬೇಕು?

ಹುಡುಗಿ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಮಾತು ಮೇಜಿನ ಉದ್ದಕ್ಕೂ ಹರಿಯಿತು, ಕೈಗಳು ನಿಂತವು.

ಬಾನು ಎದ್ದು ನಿಂತಳು. "ಇದು ಮೆಣಸಿನಪುಡಿ. ಕಟ್ಟಿಗೆ ಹೊಗೇಲಿ ಒಣಗ್ಸಿದ್ದು ಅಷ್ಟೆ. ಮಾಂಸ ಯಾವಾಗ್ಲೂ ತರೋ ಹಲಾಲ್ ಅಂಗಡಿದೇ."

"ಗ್ರ್ಯಾಂಡ್ ಬಾನು, ಗ್ರ್ಯಾಂಡ್," ಎಂದರು ನಾಲ್ಕಾರು ಮಂದಿ. ಸರಿ ಬಿಡು ಎನ್ನಲು ಐರ್ಲೆಂಡಿನವರ ಮಾತು ಅದು. ಕೈ ಮಾತ್ರ ಯಾರದೂ ತಟ್ಟೆಗೆ ಹೋಗಲಿಲ್ಲ. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಇಷ್ಟು ವರ್ಷ ಅವಳ ಕೈಯಡುಗೆ ತಿಂದು ಬೆರಳು ಚೀಪಿದ ಮಹಾನುಭಾವರು! ನನಗೆ ಮೈಯೆಲ್ಲ ಉರಿಯಿತು.

"ಬ್ಯಾಗಲ್ಲಿ ಡಬ್ಬಿ ಇದ್ಯಲ್ಲ, ತೋರಿಸು," ಎಂದು ಅವಳ ತೋಳು ತಿವಿದೆ.

"ಬೇಡ ಕಮಲಕ್ಕ. ಇವತ್ತು ಇದನ್ನ ತೋರಿಸಿದ್ರೆ ನಾಳೆ ಉಪ್ಪಿನ ಡಬ್ಬೀನೂ ತೋರಿಸ್ಬೇಕಾಗುತ್ತೆ."

ಮೇಜಿನ ತುದಿಯಲ್ಲಿ ಇನಾಯತುಲ್ಲಾ ಚಾಚಾ ಕೂತಿದ್ದರು. ಎಲ್ಲರಿಗಿಂತ ಹಿರಿಯರು, ಹೊರಗೆ ಒಂದು ಬಿಸ್ಕತ್ತನ್ನೂ ವಿಚಾರಿಸದೆ ಮುಟ್ಟುವವರಲ್ಲ. ಅವರು ಏನೂ ಕೇಳದೆ ತಟ್ಟೆ ಎಳೆದುಕೊಂಡು ತಿನ್ನತೊಡಗಿದರು. ಅದನ್ನು ನೋಡಿ ಎಲ್ಲರೂ ತಿಂದರು. ಪಾತ್ರೆ ಖಾಲಿಯಾಯಿತು, ಹೊಗಳಿಕೆಯೂ ಬಂತು. ಸದ್ಯ ಮುಗಿಯಿತಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ.

ಪಾತ್ರೆ ತೊಳೆಯುವಾಗ ಬಾನುವಿನ ಕಣ್ಣು ಕೆಂಪಗಿತ್ತು. "ಅವ್ರು ನನ್ನ ಮಾತು ನಂಬಿ ತಿನ್ಲಿಲ್ಲ ಅಕ್ಕ. ಚಾಚಾನ ನೋಡಿ ತಿಂದ್ರು."

ಅನುಮಾನ ಬಂದದ್ದನ್ನು ಬಿಡು ಎಂದು ಅವರ ಧರ್ಮವೇ ಕಲಿಸುತ್ತದೆ, ಅವರನ್ನೂ ಪೂರ್ತಿ ಬೈಯಲಾಗದು. ಆದರೆ ನಾನು ಬಾನುವಿನ ಮನೆಯಲ್ಲಿ ಪಲ್ಯ ತಿನ್ನುವಾಗ ಯಾವ ಸೌಟು, ಯಾವ ಬಾಣಲೆ ಎಂದು ಎಂದೂ ಕೇಳಿದವಳಲ್ಲ. 'ನಿಮ್ದು ಬೇರೆ ಇಟ್ಟಿದ್ದೀನಿ' ಎಂದು ಮೊದಲ ದಿನ ಅವಳು ಹೇಳಿದ್ದು ಒಂದೇ ಮಾತು. ಅದರ ಮೇಲೆ ಇಷ್ಟು ವರ್ಷ ನೆಮ್ಮದಿಯಾಗಿ ಉಂಡಿದ್ದೇನೆ. ನಂಬಿಕೆಗೆ ಎಷ್ಟು ಕಡಿಮೆ ಸಾಕು, ಅದು ಹೋದರೆ ಎಷ್ಟಿದ್ದರೂ ಸಾಲದು.

ಮಾರನೆಯ ದಿನ ಅವಳು ನನ್ನೆದುರೇ ಚಾಚಾಗೆ ಫೋನ್ ಮಾಡಿದಳು. "ಚಾಚಾ, ಈ ಶನಿವಾರಾನೂ ಅದೇ ಖೀಮಾ ಮಾಡ್ತೀನಿ. ನೀವು ಎಲ್ಲರಿಗಿಂತ ಕೊನೇಗೆ ತಟ್ಟೆ ತಗೋಬೇಕು."

ಆ ಕಡೆಯಿಂದ ಚಾಚಾನ ದನಿ, "ಆಯ್ತು ಬೇಟಿ."

ಶನಿವಾರ ಚಾಚಾ ಖರ್ಜೂರ ತಿಂದು, ನೀರು ಕುಡಿದು, ಕೈಕಟ್ಟಿ ಕೂತರು. ಬಾನು ಮುಚ್ಚಳ ತೆಗೆದಳು. ಎಲ್ಲರೂ ಚಾಚಾನ ಕಡೆ ನೋಡಿದರು. ಚಾಚಾ ಕಣ್ಣು ಮುಚ್ಚಿಕೊಂಡು ಜಪಮಣಿ ಎಣಿಸತೊಡಗಿದರು. ಪಾತ್ರೆಯ ಮುಂದೆ ಸೌಟು ಹಿಡಿದು ಬಾನು ಒಬ್ಬಳೇ ನಿಂತಿದ್ದಳು. ನೋಡಲಾರದೆ ನಾನು ತಲೆ ತಗ್ಗಿಸಿದೆ.

ಕುರ್ಚಿ ಸರಿದ ಸದ್ದಾಯಿತು. ಸುಮೈರಾ ತಟ್ಟೆ ಹಿಡಿದು ಬಂದಿದ್ದಳು. ಕನ್ನಡದಲ್ಲಿ ಎಷ್ಟು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ತಡವರಿಸುತ್ತಾ, "ಆಂಟಿ, ನಂಗೆ ಜಾಸ್ತಿ ಹಾಕಿ," ಎಂದಳು. ಬಾನು ಎರಡು ಸೌಟು ತುಂಬಿ ಬಡಿಸಿದಳು. ಹುಡುಗಿಯ ಹಿಂದೆ ಅವಳ ತಾಯಿ ಬಂದಳು. ಆಮೇಲೆ ಸಾಲು ಬೆಳೆಯಿತು.

ಚಾಚಾನ ಸರದಿ ಬಂದಾಗ ಪಾತ್ರೆಯಲ್ಲಿ ಏನೂ ಉಳಿದಿರಲಿಲ್ಲ. ಬಾನು ನಾಲಿಗೆ ಕಚ್ಚಿಕೊಂಡಳು. ಚಾಚಾ ಪಾತ್ರೆಯೊಳಗೆ ಬಗ್ಗಿ ನೋಡಿ, ಬರೀ ಅನ್ನ ಮೊಸರು ಹಾಕಿಸಿಕೊಂಡು, ಮದುವೆಮನೆಯಲ್ಲಿ ಉಂಡವರ ಹಾಗೆ ಉಂಡರು.